ಡೆಬಿಯನ್ನಿನಲ್ಲಿ ಅಂಚೆಯ ತಂತ್ರಾಂಶ: ಒಂದು ಪರಿಚಯ

ಕಾಗದವನ್ನು ಅಂಚೆಯ ಪೆಟ್ಟಿಗೆಗೆ ಹಾಕಿದವನು ಅದು ಮುಂದೆ ಯಾವ ಚೀಲದಲ್ಲಿ, ಯಾವ ರೈಲಿನಲ್ಲಿ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆಂಬುದನ್ನು ವಿಚಾರಿಸಲು ಹೋಗುವುದಿಲ್ಲ. ತಲಪಿದರೆ ಸರಿ, ತಲಪದಿದ್ದರೆ ಮಾತ್ರ ಅವನಿಗೆ ಅಂಚೆಮನೆಯ ನೆನಪಾಗುತ್ತದೆ. ಇ-ಮೇಲಿನ ವಿಷಯದಲ್ಲಿಯೂ ನಾವು ಹೀಗೆಯೇ ನಡೆದುಕೊಳ್ಳುತ್ತೇವೆ. ವಿದ್ಯಾರ್ಥಿವೇತನದ ಸುದ್ದಿ, ಕೆಲಸದ ಸಂದರ್ಶನಕ್ಕೆ ಕರೆ, ದೂರದ ಊರಿನಲ್ಲಿರುವ ಅಣ್ಣನ ಸಮಾಚಾರ, ಎಲ್ಲವೂ ಇಂದು ಇ-ಮೇಲಿನಲ್ಲಿ ಬರುತ್ತವೆ. ಅವನ್ನು ಹೊತ್ತು ತರುವ ತಂತ್ರಾಂಶ ಯಾವುದು, ಅದನ್ನು ಬರೆದವರು ಯಾರು, ಬರೆದವರ ಕೈಯಿಂದ ಅದನ್ನು ಪಡೆದು ಅಸಂಖ್ಯಾತ ಯಂತ್ರಗಳಿಗೆ ಒಪ್ಪುವಂತೆ ಕಟ್ಟಿಕೊಡುವವರು ಯಾರು ಎಂಬ ಪ್ರಶ್ನೆಗಳು ನಮಗೆ ಹೊಳೆಯುವುದೇ ಇಲ್ಲ. ಈ ಮೂರನೆಯ ಪ್ರಶ್ನೆಯನ್ನು ಹಿಡಿದು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಉದ್ದೇಶ.

ನಾನು ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವನು. ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆಂದು ಸಹಪಾಠಿಗಳು ಕೇಳಬಹುದು. ಕಳೆದ ಬೇಸಿಗೆಯ ರಜೆಯಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರಿನ ಮೂಲವನ್ನು ಡೆಬಿಯನ್ ಭಂಡಾರದಿಂದ ಇಳಿಸಿಕೊಂಡು, ಅದನ್ನು ನನ್ನ ಯಂತ್ರದಲ್ಲಿಯೇ ಕಟ್ಟಿ ನೋಡಿದೆನು. ಆ ಕೆಲಸದಲ್ಲಿ ತೊಡಗಿದ್ದಾಗ ನನಗೆ ಮತ್ತೆ ಮತ್ತೆ ನೆನಪಾದುದು ಕಂಪ್ಯೂಟರಿನ ಪುಸ್ತಕವಲ್ಲ, ನಮ್ಮ ತರಗತಿಯ ಗ್ರಂಥಸಂಪಾದನೆಯ ಪಾಠ. ಅದೇಕೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಹೆಸರುಗಳ ಪರಿಚಯವಾಗಲಿ. ಲೀನಕ್ಸ್ ಎಂಬುದು ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಬರೆಯಲಾರಂಭಿಸಿದ ಕರ್ನಲ್. ಎಂದರೆ ಯಂತ್ರವನ್ನು ನಡೆಸುವ ತಿರುಳು. ತಿರುಳೊಂದರಿಂದಲೇ ಊಟವಾಗುವುದಿಲ್ಲ. ಅದರ ಸುತ್ತ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಜನರಿಗೆ ಹಂಚಬೇಕು. ಹೀಗೆ ಹಂಚುವ ಏರ್ಪಾಟಿಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ೧೯೯೩ರ ಆಗಸ್ಟಿನಲ್ಲಿ ಇಯನ್ ಮರ್ಡಕ್ ಆರಂಭಿಸಿದ ಡೆಬಿಯನ್ ಇಂತಹವುಗಳಲ್ಲಿ ಹಳೆಯದು. ಇದಕ್ಕೆ ಮಾಲೀಕನಿಲ್ಲ, ಲೋಕದ ನಾನಾ ಭಾಗಗಳ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. ಒಂದೊಂದು ತಂತ್ರಾಂಶವನ್ನೂ ಒಬ್ಬರೋ ಒಂದು ತಂಡವೋ ವಹಿಸಿಕೊಂಡು ‘ಪ್ಯಾಕೇಜು’ ಮಾಡುತ್ತಾರೆ. ಅವರನ್ನು ‘ಮೇಂಟೇನರ್’ ಎನ್ನುತ್ತಾರೆ. ನಾನು ಇಲ್ಲಿ ‘ಪಾಲಕ’ನೆಂದು ಕರೆಯುತ್ತೇನೆ.

ಇನ್ನು ಮೇಲ್ ಸರ್ವರುಗಳು. ಒಂದು ಯಂತ್ರದಿಂದ ಇನ್ನೊಂದಕ್ಕೆ ಇ-ಮೇಲು ಸಾಗಬೇಕಾದ ಕ್ರಮವನ್ನು ೧೯೮೨ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟನು. ಅದರ ಹೆಸರು ಎಸ್‌ಎಂಟಿಪಿ. ಆ ಕಾಲದಲ್ಲಿಯೇ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ತಂತ್ರಾಂಶವನ್ನು ಬರೆದನು. ೧೯೯೫ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಫಿಲಿಪ್ ಹೇಝೆಲ್ ಎಕ್ಸಿಮ್ ಎಂಬುದನ್ನು ಬರೆದನು. ಡೇನಿಯಲ್ ಬರ್ನ್‌ಸ್ಟೈನನ ಕ್ಯೂಮೇಲ್ ಕೂಡ ಆ ದಶಕದ್ದೇ. ೧೯೯೮ರಲ್ಲಿ ಐಬಿಎಂ ಸಂಸ್ಥೆಯ ಸಂಶೋಧನಾಲಯದಿಂದ ವೀಟ್ಸೆ ವೆನೆಮಾನ ಪೋಸ್ಟ್‌ಫಿಕ್ಸ್ ಹೊರಬಂದಿತು. ನಾಲ್ವರು ನಾಲ್ಕು ಬಗೆಯ ಮನೆಗಳನ್ನು ಕಟ್ಟಿದರು. ಡೆಬಿಯನ್ನಿನವರು ಆ ನಾಲ್ಕನ್ನೂ ಒಂದೇ ಬೀದಿಯಲ್ಲಿ ನಿಲ್ಲಿಸಬೇಕಾಗಿ ಬಂದಿತು. ತೊಡಕು ಹುಟ್ಟುವುದು ಇಲ್ಲಿಯೇ.

ಪ್ಯಾಕೇಜು ಎಂದರೇನು? ನಾನು ಇಳಿಸಿಕೊಂಡ ಮೂಲದಲ್ಲಿ ಎರಡು ಭಾಗಗಳಿದ್ದವು. ಒಂದು, ವೆನೆಮಾ ಬಿಡುಗಡೆ ಮಾಡಿದ ಮೂಲದ ಗಂಟು. ಅದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಇನ್ನೊಂದು, ‘ಡೆಬಿಯನ್’ ಎಂಬ ಹೆಸರಿನ ಕೋಶ. ಪಾಲಕನು ಬರೆದದ್ದೆಲ್ಲ ಅದರೊಳಗೆ. ಈ ಕೋಶದಲ್ಲಿ ‘ಕಂಟ್ರೋಲ್’ ಎಂಬ ಕಡತ ಈ ತಂತ್ರಾಂಶಕ್ಕೆ ಇನ್ನಾವ ತಂತ್ರಾಂಶಗಳು ಬೇಕು, ಯಾವುದರೊಡನೆ ಕೂಡದು ಎಂಬುದನ್ನು ಹೇಳುತ್ತದೆ. ‘ರೂಲ್ಸ್’ ಎಂಬುದು ಕಟ್ಟುವ ವಿಧಾನವನ್ನು ಹೇಳುತ್ತದೆ. ‘ಚೇಂಜ್‌ಲಾಗ್’ ಎಂಬುದು ಏನನ್ನು, ಯಾರು, ಎಂದು, ಏತಕ್ಕೆ ಬದಲಾಯಿಸಿದರು ಎಂಬ ದಿನಚರಿ. ‘ಕಾಪಿರೈಟ್’ ಎಂಬುದು ಹಕ್ಕುಗಳ ವಿವರ. ಕೊನೆಯದು ‘ಪ್ಯಾಚಸ್’ ಎಂಬ ಉಪಕೋಶ. ಮೂಲದಲ್ಲಿ ತಿದ್ದಬೇಕಾದದ್ದೇನಾದರೂ ಇದ್ದರೆ ಮೂಲವನ್ನೇ ಅಳಿಸಿ ಬರೆಯತಕ್ಕದ್ದಲ್ಲ. ಆ ತಿದ್ದುಪಡಿಯನ್ನು ಬೇರೆಯ ಚೀಟಿಯಾಗಿ ಈ ಉಪಕೋಶದಲ್ಲಿ ಇಡತಕ್ಕದ್ದು. ಕಟ್ಟುವಾಗ ಯಂತ್ರವೇ ಆ ಚೀಟಿಗಳನ್ನು ಒಂದೊಂದಾಗಿ ಮೂಲಕ್ಕೆ ಹಚ್ಚುತ್ತದೆ.

ಇದನ್ನು ಕಂಡಾಗಲೇ ನನಗೆ ಗ್ರಂಥಸಂಪಾದನೆಯ ಪಾಠ ನೆನಪಾದದ್ದು. ಓಲೆಯ ಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕನು ತನಗೆ ತಪ್ಪೆಂದು ತೋರಿದ ಪಾಠವನ್ನು ಸದ್ದಿಲ್ಲದೆ ತಿದ್ದಿಬಿಟ್ಟರೆ ಮುಂದಿನವರಿಗೆ ಕವಿಯ ಮಾತು ಯಾವುದು, ಸಂಪಾದಕನ ಮಾತು ಯಾವುದು ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ಸಂಪಾದಕನು ಪ್ರತಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ತಾನು ಊಹಿಸಿದ್ದನ್ನು ಊಹೆಯೆಂದೇ ಗುರುತಿಸುತ್ತಾನೆ. ಡೆಬಿಯನ್ನಿನ ಪಾಲಕನ ಧರ್ಮವೂ ಅದೇ. ಯಾರು ಬೇಕಾದರೂ ಮೂಲವನ್ನೂ ಚೀಟಿಗಳನ್ನೂ ಎದುರುಬದುರು ಇಟ್ಟು ನೋಡಬಹುದು.

ಮೇಲ್ ಸರ್ವರಿನ ಪಾಲಕನಿಗೆ ಮಿಕ್ಕವರಿಗಿಲ್ಲದ ಕೆಲವು ಕಟ್ಟುಪಾಡುಗಳುಂಟು. ಅವುಗಳಲ್ಲಿ ಮುಖ್ಯವಾದ ನಾಲ್ಕನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಹೆಸರಿನ ಕಟ್ಟು. ಎಷ್ಟೋ ತಂತ್ರಾಂಶಗಳು ತಮ್ಮ ಕೆಲಸ ಮುಗಿದಾಗಲೋ ಕೆಟ್ಟಾಗಲೋ ಯಜಮಾನನಿಗೆ ಒಂದು ಪತ್ರ ಬರೆಯುತ್ತವೆ. ಅವೆಲ್ಲ ಹಿಂದಿನಿಂದಲೂ ‘ಸೆಂಡ್‌ಮೇಲ್’ ಎಂಬ ಹೆಸರಿನ ಕಡತವನ್ನೇ ಕೂಗಿ ಪತ್ರವನ್ನು ಒಪ್ಪಿಸುವ ರೂಢಿ. ಈಗ ಯಂತ್ರದಲ್ಲಿರುವುದು ಎಕ್ಸಿಮ್ ಆಗಲಿ ಪೋಸ್ಟ್‌ಫಿಕ್ಸ್ ಆಗಲಿ, ಅದು ಗೊತ್ತಾದ ಜಾಗದಲ್ಲಿ ಆ ಹೆಸರಿನಿಂದಲೇ ಓಗೊಡಬೇಕೆಂಬುದು ಡೆಬಿಯನ್ನಿನ ನಿಯಮ. ಅಂಚೆಯಣ್ಣ ಬದಲಾದರೂ ‘ಪೋಸ್ಟ್’ ಎಂಬ ಕೂಗು ಬದಲಾಗದಂತೆ ಇದು. ಒಂದು ಮನೆಗೆ ಇಬ್ಬರು ಅಂಚೆಯವರು ಒಂದೇ ಹೆಸರಿನಿಂದ ಬರಲಾರರಷ್ಟೆ. ಆದಕಾರಣ ‘ಮೇಲ್ ಟ್ರಾನ್ಸ್‌ಪೋರ್ಟ್ ಏಜೆಂಟ್’ ಎಂಬ ಒಂದು ಕಲ್ಪಿತ ಪ್ಯಾಕೇಜನ್ನು ಮಾಡಿದ್ದಾರೆ. ಪ್ರತಿಯೊಂದು ಮೇಲ್ ಸರ್ವರೂ ‘ನಾನು ಆ ಸ್ಥಾನವನ್ನು ತುಂಬುತ್ತೇನೆ, ಆ ಸ್ಥಾನದಲ್ಲಿ ಬೇರೊಬ್ಬನಿದ್ದರೆ ನಾವಿಬ್ಬರೂ ಕೂಡಿರಲಾರೆವು’ ಎಂದು ತನ್ನ ಕಂಟ್ರೋಲ್ ಕಡತದಲ್ಲಿ ಬರೆದುಕೊಳ್ಳುತ್ತದೆ. ಪತ್ರ ಕಳುಹಿಸಬೇಕಾದ ಇತರ ಪ್ಯಾಕೇಜುಗಳು ಯಾವ ವ್ಯಕ್ತಿಯನ್ನೂ ಹೆಸರಿಸದೆ ಆ ಸ್ಥಾನವನ್ನೇ ನೆಚ್ಚುತ್ತವೆ. ಯಾವುದನ್ನೂ ಆರಿಸದವರಿಗೆ ಡೆಬಿಯನ್ ಕೊಡುವುದು ಎಕ್ಸಿಮನ್ನು.

ಎರಡನೆಯದು, ಬೀಗದ ಕಟ್ಟು. ಬಂದ ಪತ್ರಗಳು ‘ವಾರ್ ಮೇಲ್’ ಎಂಬ ಕೋಶದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡತದಂತೆ ಕೂಡುತ್ತ ಹೋಗುತ್ತವೆ. ಸರ್ವರು ಅದೇ ಕಡತಕ್ಕೆ ಹೊಸ ಪತ್ರವನ್ನು ಸೇರಿಸುತ್ತಿರುವ ಗಳಿಗೆಯಲ್ಲಿಯೇ ಯಜಮಾನನು ಹಳೆಯದೊಂದನ್ನು ಅಳಿಸಿದರೆ ಎರಡೂ ಕಲಸಿಹೋಗುವ ಸಂಭವವುಂಟು. ಆದ್ದರಿಂದ ಬರೆಯುವ ಮುನ್ನ ಬೀಗ ಹಾಕಬೇಕು. ಬೀಗದಲ್ಲಿ ಎರಡು ಬಗೆ. ಒಬ್ಬರು ಒಂದನ್ನು ಹಾಕಿ ಇನ್ನೊಬ್ಬರು ಮತ್ತೊಂದನ್ನು ಹಾಕಿದರೆ ಇಬ್ಬರಿಗೂ ಬಾಗಿಲು ತೆರೆದಂತೆಯೇ ಸರಿ. ಡೆಬಿಯನ್ನಿನ ನಿಯಮಗ್ರಂಥ ಎರಡು ಬೀಗಗಳನ್ನೂ ಹಾಕಬೇಕು, ಯಾವುದನ್ನು ಮೊದಲು ಹಾಕಬೇಕು ಎಂಬುದನ್ನು ಕೂಡ ಗೊತ್ತುಮಾಡಿದೆ. ಕ್ರಮ ತಪ್ಪಿದರೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ನಿಂತುಬಿಡಬಹುದು.

ಮೂರನೆಯದು, ಯಜಮಾನನ ಬರಹವನ್ನು ಮುಟ್ಟಬಾರದೆಂಬುದು. ಸರ್ವರನ್ನು ನಡೆಸುವವನು ತನ್ನ ಊರಿಗೆ ತಕ್ಕಂತೆ ಅದರ ಏರ್ಪಾಟುಗಳನ್ನು ‘ಇಟಿಸಿ’ ಎಂಬ ಕೋಶದ ಕಡತಗಳಲ್ಲಿ ಬರೆದಿರುತ್ತಾನೆ. ಹೊಸ ಆವೃತ್ತಿ ಬಂದಾಗ ಪ್ಯಾಕೇಜು ಆ ಕಡತಗಳ ಮೇಲೆ ತನ್ನದನ್ನು ಎಳೆದುಬಿಟ್ಟರೆ ಅವನ ವರ್ಷಗಳ ಶ್ರಮ ಒಂದು ಕ್ಷಣದಲ್ಲಿ ಹೋಗುತ್ತದೆ. ಊರಿನ ಪತ್ರಗಳು ದಿಕ್ಕು ತಪ್ಪುತ್ತವೆ. ಹಾಗಾಗಿ ಯಜಮಾನನು ತಿದ್ದಿದ ಕಡತವನ್ನು ಪ್ಯಾಕೇಜು ಉಳಿಸಿಕೊಳ್ಳತಕ್ಕದ್ದು. ಹೊಸದರಲ್ಲಿಯೂ ವ್ಯತ್ಯಾಸವಿದ್ದರೆ ಅವನನ್ನು ಕೇಳತಕ್ಕದ್ದು. ಪ್ಯಾಕೇಜನ್ನು ತೆಗೆದುಹಾಕಿದಾಗ ಕೂಡ ಈ ಕಡತಗಳು ಉಳಿಯುತ್ತವೆ. ಇವನ್ನೂ ಅಳಿಸಬೇಕಾದರೆ ‘ಪರ್ಜ್’ ಎಂಬ ಬೇರೆಯ ಅಪ್ಪಣೆಯನ್ನೇ ಕೊಡಬೇಕು. ಮನೆ ಬಿಡುವುದು ಬೇರೆ, ಮನೆಯ ಪತ್ರಗಳನ್ನು ಸುಡುವುದು ಬೇರೆ ಎಂಬ ವಿವೇಕ ಇಲ್ಲಿದೆ.

ನಾಲ್ಕನೆಯದು, ಮೊದಲ ದಿನದ ಏರ್ಪಾಟು. ಏನನ್ನೂ ತಿಳಿಯದವನು ಸರ್ವರನ್ನು ಹಾಕಿಕೊಂಡರೂ ಅದರಿಂದ ಯಾರಿಗೂ ಕೇಡಾಗಬಾರದು. ೧೯೮೮ರ ನವೆಂಬರ್ ೨ರಂದು ಹೊರಬಿದ್ದ ಮಾರಿಸ್ ಹುಳುವು ಹರಡಲು ಕಂಡುಕೊಂಡ ದಾರಿಗಳಲ್ಲಿ ಸೆಂಡ್‌ಮೇಲ್ ಒಂದು. ಪರೀಕ್ಷೆಗೆಂದು ಇಟ್ಟಿದ್ದ ‘ಡೀಬಗ್’ ಎಂಬ ಸೌಲಭ್ಯ ಎಷ್ಟೋ ಯಂತ್ರಗಳಲ್ಲಿ ತೆರೆದೇ ಇತ್ತು. ಆ ಕಾಲದಲ್ಲಿ ಮೇಲ್ ಸರ್ವರುಗಳು ಯಾರ ಪತ್ರವನ್ನಾದರೂ ಯಾರಿಗಾದರೂ ಸಾಗಿಸುತ್ತಿದ್ದವು. ಧರ್ಮಛತ್ರದಂತೆ ತೆರೆದಿದ್ದ ಈ ಬಾಗಿಲನ್ನು ಕಸದ ಜಾಹೀರಾತು ಕಳುಹಿಸುವವರು ಹಿಡಿದುಕೊಂಡರು. ೧೯೯೮ರಲ್ಲಿ ಸೆಂಡ್‌ಮೇಲಿನವರು ಅದನ್ನು ಮೊದಲಿನಿಂದಲೇ ಮುಚ್ಚಿ ಕೊಡಲಾರಂಭಿಸಿದರು. ಈ ಪಾಠಗಳ ಫಲವನ್ನು ಇಂದಿನ ಪ್ಯಾಕೇಜಿನಲ್ಲಿ ಕಾಣಬಹುದು. ಡೆಬಿಯನ್ನಿನ ಎಕ್ಸಿಮ್ ಯಾವ ಉತ್ತರವನ್ನೂ ಕೊಡದವನ ಯಂತ್ರದಲ್ಲಿ ಒಳಮನೆಯ ಪತ್ರಗಳನ್ನಷ್ಟೇ ಹಂಚುತ್ತದೆ. ಹೊರಗಿನಿಂದ ಬಾಗಿಲು ಬಡಿದರೆ ಅದಕ್ಕೆ ಕೇಳಿಸುವುದೇ ಇಲ್ಲ. ಪೋಸ್ಟ್‌ಫಿಕ್ಸಿನ ಪ್ಯಾಕೇಜು ಹಾಕುವಾಗ ಒಂದು ಪ್ರಶ್ನೆಯನ್ನು ಕೇಳುತ್ತದೆ: ಈ ಯಂತ್ರ ನೇರವಾಗಿ ಲೋಕದೊಡನೆ ಪತ್ರ ನಡೆಸುವುದೋ, ದೊಡ್ಡ ಸರ್ವರೊಂದರ ಮೂಲಕ ಕಳುಹಿಸುವುದೋ, ಒಳಗಿನವರಿಗಷ್ಟೇ ಸಾಕೋ, ಅಥವಾ ಯಜಮಾನನೇ ಎಲ್ಲವನ್ನೂ ಬರೆದುಕೊಳ್ಳುವನೋ ಎಂದು. ಒಂದು ಪ್ರಶ್ನೆಗೆ ಸಿಕ್ಕ ಉತ್ತರದಿಂದ ಹತ್ತಾರು ಏರ್ಪಾಟುಗಳು ತಾವಾಗಿ ಹೊಂದಿಕೊಳ್ಳುತ್ತವೆ.

ಇಷ್ಟರಿಂದ ಪಾಲಕನ ಕೆಲಸ ಬರಿಯ ಯಂತ್ರದ ಕೆಲಸವೆಂದು ತಿಳಿಯಬಾರದು. ಅದರಲ್ಲಿ ನ್ಯಾಯಶಾಸ್ತ್ರದ ಒಂದು ಅಂಶವೂ ಇದೆ. ಕ್ಯೂಮೇಲಿನ ಕಥೆ ಇದಕ್ಕೆ ನಿದರ್ಶನ. ಅದು ಭದ್ರತೆಯಲ್ಲಿ ಹೆಸರಾದ ತಂತ್ರಾಂಶ. ಅದರಲ್ಲಿ ಭದ್ರತೆಯ ದೋಷವನ್ನು ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವೆನೆಂದು ಅದರ ಕರ್ತೃವೇ ಸಾರಿದ್ದನು. ಆದರೆ ಅದನ್ನು ತಿದ್ದಿ, ಕಟ್ಟಿ ಹಂಚಲು ಅವನು ಅಪ್ಪಣೆ ಕೊಟ್ಟಿರಲಿಲ್ಲ. ಕಡತಗಳೆಲ್ಲ ತಾನು ಹೇಳಿದ ಒಂದೇ ಜಾಗದಲ್ಲಿ ಇರಬೇಕೆಂಬುದೂ ಅವನ ಷರತ್ತು. ಡೆಬಿಯನ್ ೧೯೯೭ರಲ್ಲಿ ತನ್ನ ‘ಸಾಮಾಜಿಕ ಒಪ್ಪಂದ’ವನ್ನು ಬರೆದುಕೊಂಡಿತು. ತಿದ್ದಿದ ಮೂಲವನ್ನು ಚೀಟಿಗಳ ರೂಪದಲ್ಲಿಯೇ ಹಂಚಬೇಕೆಂದು ಕರ್ತೃವು ಹೇಳಬಹುದು, ಆದರೆ ತಿದ್ದಿದ ಮೂಲದಿಂದ ಕಟ್ಟಿದ ತಂತ್ರಾಂಶವನ್ನು ಹಂಚಲು ಅವನು ಸ್ಪಷ್ಟವಾಗಿ ಒಪ್ಪಿರಬೇಕು ಎಂಬುದು ಅದರ ಒಂದು ವಿಧಿ. ಕ್ಯೂಮೇಲ್ ಈ ವಿಧಿಗೆ ಹೊಂದಲಿಲ್ಲ. ಆದ್ದರಿಂದ ಬಹುಕಾಲ ಡೆಬಿಯನ್ನಿನವರು ಅದರ ಮೂಲವನ್ನು ಮಾತ್ರ, ಅದನ್ನೂ ಮುಖ್ಯ ಭಂಡಾರದಿಂದ ಹೊರಗಿಟ್ಟು ಕೊಟ್ಟರು. ಬೇಕಾದವನು ತನ್ನ ಮನೆಯಲ್ಲಿಯೇ ಕಟ್ಟಿಕೊಳ್ಳಬೇಕಾಗಿತ್ತು. ೨೦೦೭ರ ನವೆಂಬರಿನಲ್ಲಿ ಬರ್ನ್‌ಸ್ಟೈನ್ ಅದನ್ನು ಸಾರ್ವಜನಿಕರ ಸೊತ್ತೆಂದು ಬಿಟ್ಟುಕೊಟ್ಟನು. ಆ ವೇಳೆಗೆ ಜನ ಪೋಸ್ಟ್‌ಫಿಕ್ಸಿಗೂ ಎಕ್ಸಿಮಿಗೂ ಹೊಂದಿಕೊಂಡಾಗಿತ್ತು. ಒಳ್ಳೆಯ ಕಾವ್ಯವೊಂದು ಪ್ರತಿಮಾಡಿಕೊಳ್ಳುವ ಅಪ್ಪಣೆಯಿಲ್ಲದೆ ಒಂದೇ ಮಠದಲ್ಲಿ ಉಳಿದಂತೆ ಇದು.

ಇನ್ನು ಪಾಲಕನ ವಿವೇಕ ಪರೀಕ್ಷೆಗೆ ಒಳಗಾಗುವ ಎರಡು ಸಂದರ್ಭಗಳು. ಒಂದು ತಿದ್ದಬೇಕಾದದ್ದನ್ನು ತಿದ್ದದೆ ಬಿಡುವುದು. ಇನ್ನೊಂದು ತಿದ್ದಬಾರದ್ದನ್ನು ತಿದ್ದುವುದು.

ಡೆಬಿಯನ್ನಿನ ‘ಸ್ಥಿರ’ ಆವೃತ್ತಿಯೊಂದು ಹೊರಬಂದ ಮೇಲೆ ಅದರಲ್ಲಿರುವ ತಂತ್ರಾಂಶಗಳನ್ನು ಹೊಸ ಆವೃತ್ತಿಗೆ ಬದಲಾಯಿಸುವುದಿಲ್ಲ. ನಡೆಯುತ್ತಿರುವ ಸರ್ವರಿನ ನಡತೆ ಇದ್ದಕ್ಕಿದ್ದಂತೆ ಬದಲಾಗಬಾರದೆಂಬುದು ಅದರ ತತ್ತ್ವ. ಹಾಗಾದರೆ ಭದ್ರತೆಯ ದೋಷ ಕಂಡರೆ? ಹೊಸ ಆವೃತ್ತಿಯಲ್ಲಿ ಆದ ತಿದ್ದುಪಡಿಯೊಂದನ್ನೇ ಬಿಡಿಸಿಕೊಂಡು ಹಳೆಯದಕ್ಕೆ ಹಚ್ಚುತ್ತಾರೆ. ಈ ಪದ್ಧತಿ ಒಳ್ಳೆಯದೇ. ಆದರೆ ಯಾವ ತಿದ್ದುಪಡಿ ಭದ್ರತೆಗೆ ಸಂಬಂಧಿಸಿದ್ದೆಂದು ಯಾರಾದರೂ ಗುರುತಿಸಿರಬೇಕು. ಎಕ್ಸಿಮಿನಲ್ಲಿದ್ದ ಒಂದು ದೋಷವನ್ನು ೪.೭೦ನೆಯ ಆವೃತ್ತಿಯಲ್ಲಿ ಸರಿಪಡಿಸಿದ್ದರೂ ಅದು ಅಪಾಯಕಾರಿಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ೪.೬೯ ಇತ್ತು. ೨೦೧೦ರ ಡಿಸೆಂಬರಿನಲ್ಲಿ ದುಷ್ಕರ್ಮಿಗಳು ಆ ದಾರಿಯಿಂದ ಯಂತ್ರಗಳೊಳಕ್ಕೆ ನುಗ್ಗಿದ ಮೇಲೆಯೇ ಸಂಗತಿ ತಿಳಿದದ್ದು. ೨೦೧೯ರಲ್ಲಿ ಇದೇ ಮತ್ತೆ ನಡೆಯಿತು. ೪.೮೭ರಿಂದ ೪.೯೧ರವರೆಗಿನ ಎಕ್ಸಿಮ್‌ಗಳಲ್ಲಿ ದೂರದಲ್ಲಿ ಕುಳಿತವನು ತನ್ನ ಅಪ್ಪಣೆಗಳನ್ನು ನಡೆಸಬಹುದಾದ ದೋಷವಿತ್ತು. ೪.೯೨ರಲ್ಲಿ ಅದು ಹೋಗಿತ್ತು. ಆದರೆ ಹೋದದ್ದು ಎಂತಹ ದೋಷವೆಂಬುದು ಜೂನ್ ತಿಂಗಳವರೆಗೆ ಹೊರಬೀಳಲಿಲ್ಲ. ಬಳಿಕ ಡೆಬಿಯನ್ನಿನವರು ತಮ್ಮ ಹಳೆಯ ೪.೮೯ಕ್ಕೆ ತಿದ್ದುಪಡಿಯನ್ನು ಹಚ್ಚಿ ಹಂಚಿದರು.

ಇನ್ನೊಂದು ಸಂದರ್ಭ ಇದಕ್ಕಿಂತ ಕಹಿಯಾದದ್ದು. ಸರ್ವರುಗಳು ಪತ್ರವನ್ನು ಗುಟ್ಟಾಗಿ ಸಾಗಿಸಬೇಕಾದರೆ ಊಹಿಸಲಾಗದ ಬೀಗದ ಕೈ ಬೇಕು. ಅದನ್ನು ತಯಾರಿಸುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ರಸಿದ್ಧವಾದದ್ದು. ೨೦೦೬ರಲ್ಲಿ ಅದರ ಡೆಬಿಯನ್ ಪ್ಯಾಕೇಜಿನಲ್ಲಿ ಒಂದು ಚಿಕ್ಕ ತಿದ್ದುಪಡಿಯಾಯಿತು. ದೋಷ ಹುಡುಕುವ ಉಪಕರಣವೊಂದು ಮೂಲದ ಎರಡು ಸಾಲುಗಳ ಬಗ್ಗೆ ದೂರುತ್ತಿತ್ತು, ಅವುಗಳನ್ನು ತೆಗೆದುಬಿಟ್ಟರು. ತೆಗೆಯುವ ಮುನ್ನ ಓಪನ್‌ಎಸ್‌ಎಸ್‌ಎಲ್ ಬಳಗದವರನ್ನು ಕೇಳಿದ್ದೂ ಉಂಟು. ಆದರೆ ಆ ಸಾಲುಗಳಲ್ಲಿ ಒಂದು ಬೀಗದ ಕೈಗೆ ಬೇಕಾದ ಆಕಸ್ಮಿಕತೆಯನ್ನು ತುಂಬುವ ಸಾಲಾಗಿತ್ತು. ಅದು ಹೋದ ಮೇಲೆ ಉಳಿದದ್ದು ಪ್ರಕ್ರಿಯೆಯ ಸಂಖ್ಯೆಯೊಂದೇ. ಆದ್ದರಿಂದ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯಲ್ಲಿ, ತಯಾರಾಗಬಹುದಾದ ಕೈಗಳು ಸುಮಾರು ೩೨ ಸಾವಿರ ಮಾತ್ರ. ಮಾನವನಿಗೆ ಇದು ದೊಡ್ಡ ಸಂಖ್ಯೆ. ಯಂತ್ರಕ್ಕೆ ಒಂದು ತುತ್ತು. ೨೦೦೮ರ ಮೇ ತಿಂಗಳಿನಲ್ಲಿ ಇದು ಬಯಲಾದಾಗ, ಆ ಅವಧಿಯಲ್ಲಿ ಅಲ್ಲಿ ತಯಾರಾದ ಕೈಗಳನ್ನೆಲ್ಲ, ಮೇಲ್ ಸರ್ವರುಗಳವನ್ನೂ ಸೇರಿಸಿ, ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಅರ್ಥವಾಗದ ಶಬ್ದವನ್ನು ಲಿಪಿಕಾರನ ಪ್ರಮಾದವೆಂದು ಕಿತ್ತುಹಾಕಿದ ಸಂಪಾದಕನು, ಆ ಶಬ್ದದ ಮೇಲೆಯೇ ಇಡೀ ಪದ್ಯ ನಿಂತಿತ್ತೆಂಬುದನ್ನು ಎರಡು ವರ್ಷಗಳ ಬಳಿಕ ಅರಿತಂತೆ ಆಯಿತು.

ಈ ಘಟನೆಯನ್ನು ಹೇಳಿದ್ದು ಯಾರನ್ನೂ ಹಳಿಯುವುದಕ್ಕಲ್ಲ. ಬದಲಾವಣೆ ಬೇರೆಯ ಚೀಟಿಯಾಗಿ, ದಿನಚರಿಯ ಸಹಿತ, ಎಲ್ಲರ ಕಣ್ಣೆದುರಿಗೆ ಇದ್ದದ್ದರಿಂದಲೇ ಯಾವ ದಿನ, ಯಾವ ಸಾಲಿನಲ್ಲಿ ತಪ್ಪಾಯಿತೆಂದು ಖಚಿತವಾಗಿ ಹೇಳುವುದು ಸಾಧ್ಯವಾಯಿತು. ಮೂಲವನ್ನು ಮುಚ್ಚಿಟ್ಟು ಕಟ್ಟಿಕೊಟ್ಟಿದ್ದರೆ ಅದು ಇನ್ನೆಷ್ಟು ಕಾಲ ಮರೆಯಲ್ಲಿರುತ್ತಿತ್ತೋ ಹೇಳಬರುವುದಿಲ್ಲ. ಆದರೂ ಒಂದು ಎಚ್ಚರಿಕೆಯನ್ನು ಮರೆಯಬಾರದು. ಎಲ್ಲರೂ ನೋಡಬಹುದು ಎಂಬುದು ಬೇರೆ, ಯಾರೋ ಒಬ್ಬರು ನಿಜವಾಗಿ ನೋಡಿದರು ಎಂಬುದು ಬೇರೆ. ಎರಡು ವರ್ಷಗಳ ಅಂತರ ಇದನ್ನೇ ಹೇಳುತ್ತದೆ.

ಎಸ್‌ಎಂಟಿಪಿ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಕಳುಹಿಸುವ ಸರ್ವರು ಪತ್ರವನ್ನು ಪೂರ್ತಿಯಾಗಿ ಓದಿ ಒಪ್ಪಿಸಿದ ಮೇಲೆ, ಪಡೆಯುವ ಸರ್ವರು ೨೫೦ ಎಂಬ ಸಂಖ್ಯೆಯನ್ನು ಹೇಳುತ್ತದೆ. ಅದು ಬರಿಯ ‘ಬಂತು’ ಎಂಬ ಮಾತಲ್ಲ. ‘ಇನ್ನು ಈ ಪತ್ರದ ಹೊಣೆ ನನ್ನದು’ ಎಂಬ ಒಪ್ಪಿಗೆ. ಈ ಸಂಖ್ಯೆಯನ್ನು ಕೇಳುವವರೆಗೆ ಕಳುಹಿಸುವವನು ತನ್ನ ಪ್ರತಿಯನ್ನು ಬಿಡಕೂಡದು. ಎದುರಿನ ಬಾಗಿಲು ಮುಚ್ಚಿದ್ದರೆ ನಾಲ್ಕೈದು ದಿನಗಳವರೆಗಾದರೂ ಬಿಟ್ಟುಬಿಟ್ಟು ತಟ್ಟುತ್ತಿರಬೇಕು. ಕೇಳಿದ ಬಳಿಕ ಪಡೆದವನು ಅದನ್ನು ಕ್ಷುಲ್ಲಕ ಕಾರಣಗಳಿಂದ ಕಳೆಯಕೂಡದು. ಯಂತ್ರ ನಿಂತುಹೋಯಿತು, ಜಾಗ ಸಾಲದಾಯಿತು ಎಂಬ ನೆಪ ನಡೆಯದು. ತಲಪಿಸಲು ಆಗದಿದ್ದರೆ ಆಗಲಿಲ್ಲವೆಂದು ಕಳುಹಿಸಿದವನಿಗೆ ತಿಳಿಸಬೇಕು.

ಪ್ಯಾಕೇಜು ಕಟ್ಟುವ ಪಾಲಕನು ಮೂಲಕರ್ತೃವಿನಿಂದ ತಂತ್ರಾಂಶವನ್ನು ಪಡೆದು ತನ್ನ ಸಹಿಯೊಡನೆ ಭಂಡಾರಕ್ಕೆ ಸೇರಿಸುವಾಗ, ಅವನೂ ಇಂತಹದೇ ಒಂದು ಮಾತನ್ನು ಕೊಟ್ಟಂತಾಗುತ್ತದೆ. ಅವನಿಗೆ ಆ ಮಾತಿಗಾಗಿ ಸಂಬಳ ಕೊಡುವವರು ಬಹುಮಟ್ಟಿಗೆ ಯಾರೂ ಇರುವುದಿಲ್ಲ. ಪತ್ರ ಪಡೆದವರಿಗೆ ಅವನ ಹೆಸರೂ ತಿಳಿದಿರುವುದಿಲ್ಲ. ಇಂತಹ ಕೆಲಸದಲ್ಲಿ ನಮ್ಮಂತಹ ಕಲಾ ವಿದ್ಯಾರ್ಥಿಗಳಿಗೂ ಜಾಗವುಂಟು. ಡೆಬಿಯನ್ನನ್ನು ಯಂತ್ರಕ್ಕೆ ಹಾಕುವಾಗ ಕೇಳುವ ಪ್ರಶ್ನೆಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಯಾರೋ ಕುಳಿತು ಅನುವಾದಿಸಿದ್ದರಿಂದ ಅದಾಯಿತು. ಒಂದೊಂದು ಪ್ಯಾಕೇಜು ಕೇಳುವ ಪ್ರಶ್ನೆಯನ್ನು ನಮ್ಮ ಊರಿನವನಿಗೆ ತಿಳಿಯುವಂತೆ ಕನ್ನಡಿಸುವುದು, ಬಳಸುವಾಗ ಕಂಡ ದೋಷವನ್ನು ಬಿಡಿಸಿ ಬರೆದು ಪಾಲಕನಿಗೆ ತಿಳಿಸುವುದು, ಕೈಪಿಡಿಯಲ್ಲಿ ಗೊಂದಲವಿದ್ದರೆ ತಿದ್ದಿ ಕಳುಹಿಸುವುದು, ಇವಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಮೂಲವನ್ನು ಗೌರವದಿಂದ ಓದುವ ಅಭ್ಯಾಸ, ತಿದ್ದಿದ್ದನ್ನು ತಿದ್ದಿದೆನೆಂದು ಹೇಳುವ ಪ್ರಾಮಾಣಿಕತೆ, ತಿಳಿಯದ ಸಾಲನ್ನು ತೆಗೆಯುವ ಮುನ್ನ ಇನ್ನೊಮ್ಮೆ ನಿಲ್ಲುವ ತಾಳ್ಮೆ, ಇಷ್ಟಿದ್ದರೆ ಸಾಕು. ಇವನ್ನು ಕಲಿಸುವುದಕ್ಕೆಂದೇ ನಮ್ಮ ಉಪಾಧ್ಯಾಯರು ಮೂರು ವರ್ಷಗಳಿಂದ ಶ್ರಮಿಸುತ್ತಿದ್ದಾರೆ.